ಬೀಜದ ಹೋರಿ ಮತ್ತು ಅದರ ಹಗ್ಗ ಹಿಡಿಯುವವನು
(ರೈತರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣ)



ನಾನು ಬೇಸಾಯಶಾಸ್ತ್ರ ಕಲಿಸುವವನು. ದನಗಳ ವಿಷಯ ಪಶುವೈದ್ಯರದು. ಆದರೆ ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಹೊಲದ ಮಾತು ತೆಗೆದರೆ ಅದು ಅಮೃತಮಹಲ್ ದನದ ಮಾತಿಗೇ ಬಂದು ನಿಲ್ಲುತ್ತದೆ.

ಜಾತ್ರೆಗಳಲ್ಲಿ ತಾವೇ ನೋಡಿದ್ದೀರಿ. ಲಕ್ಷಣವಾದ ಹೋರಿಕರು ಕಂಡರೆ ಅದಕ್ಕೊಂದು ಜೊತೆ ಹುಡುಕುತ್ತೇವೆ. ಜೊತೆ ಸಿಕ್ಕಿತೋ, ಬೀಜ ಒಡೆಸಿ ಎತ್ತು ಮಾಡುತ್ತೇವೆ. ಊರಿನ ಹಸುಗಳಿಗೆ ಉಳಿಯುವುದು ಯಾರಿಗೂ ಬೇಡವಾದ ಹೋರಿ. ಖರ್ಚು ಉಳಿಸಲೆಂದು 1860ರಲ್ಲಿ ಸರ್ಕಾರವೇ ಅಮೃತಮಹಲ್ ಮಂದೆಗಳನ್ನು ಮಾರಿಹಾಕಿತ್ತು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಂತಾಗಿ 1866ರಲ್ಲಿ ಮತ್ತೆ ಮಂದೆ ಕಟ್ಟಬೇಕಾಯಿತು. ಸರ್ಕಾರವಾದರೆ ಮತ್ತೆ ಕಟ್ಟೀತು. ನಮ್ಮ ಒಂದು ಊರಿನಿಂದ ಆದೀತೇ?

ಆದ್ದರಿಂದ ನಾಲ್ಕಾರು ಮನೆಯವರು ಕೂಡಿ ಒಂದು ಒಳ್ಳೆಯ ಹೋರಿಯನ್ನು ಬೀಜಕ್ಕೆಂದೇ ಬಿಡಿ. ಕರುವನ್ನು ಆರಿಸುವಾಗ ಕೊಂಬಿನ ಓರೆ, ಮೈಬಣ್ಣ ನೋಡುವುದು ಸರಿಯೇ. ಅದರ ತಾಯಿ ಹೊತ್ತಿಗೆ ಸರಿಯಾಗಿ ಗಬ್ಬ ನಿಲ್ಲುತ್ತಿತ್ತೇ, ಕರುವಿಗೆ ಸಾಕಷ್ಟು ಹಾಲು ಇತ್ತೇ ಎಂಬುದನ್ನೂ ಕೇಳಿ ತಿಳಿಯಬೇಕು. ಮೆರವಣಿಗೆಗೆಂದು ಹಿಂಡಿ ತಿನ್ನಿಸಿ ಕೊಬ್ಬಿಸಿದ ಹೋರಿ ನೋಟಕ್ಕೆ ಚೆನ್ನ, ಕೆಲಸಕ್ಕೆ ಸೋಮಾರಿ.

ಇನ್ನು ಹಗ್ಗ ಹಿಡಿಯುವವನ ಮಾತು. ಇದನ್ನು ನಾವು ಯೋಚಿಸುವುದೇ ಇಲ್ಲ; ಅಂದು ಕೈ ಬಿಡುವಾಗಿದ್ದವನ ಕೈಗೆ ಹಗ್ಗ ಕೊಡುತ್ತೇವೆ. ಕಾವಲಿನಲ್ಲಿ ಬೆಳೆದ ಈ ತಳಿ ಅಪರಿಚಿತರನ್ನು ಹತ್ತಿರ ಸೇರಿಸುವುದಿಲ್ಲ, ಕಾಯುವವನ ದನಿಗೆ ಮಾತ್ರ ತಲೆ ಬಾಗುತ್ತದೆ. ಆದಕಾರಣ ಮೇವು ಹಾಕುವವನು, ಮೈ ತೊಳೆಯುವವನು, ಹಸುವಿನ ಬಳಿಗೆ ಹಿಡಿದು ತರುವವನು ಒಬ್ಬನೇ ಆಗಿರಬೇಕು. ಅವನು ಗಟ್ಟಿಗನಾಗಿದ್ದರೆ ಸಾಲದು, ತಾಳ್ಮೆಯವನಾಗಿರಬೇಕು. ಕುಡಿದು ಬರುವವನು, ಮಾತಿಗೆ ಮುಂಚೆ ಬಾರುಕೋಲು ಎತ್ತುವವನು ಖಂಡಿತ ಬೇಡ. ಹಸುವಿನ ಎದುರಿಗೆ ಏಟು ತಿಂದ ಹೋರಿ ಮುಂದೆ ಹಸುವನ್ನೇ ಕಂಡು ಹಿಂಜರಿಯುತ್ತದೆ; ಇಲ್ಲವೇ ಆಳಿನ ಮೇಲೆ ತಿರುಗುತ್ತದೆ. ಎಷ್ಟೇ ಸಾಧುವಾದರೂ ಹೋರಿಗೆ ಬೆನ್ನು ಕೊಟ್ಟು ನಿಲ್ಲಬಾರದು. ಮೂಗುದಾರವನ್ನು ಆಗಾಗ ಬದಲಿಸಬೇಕು; ಸವೆದ ದಾರದಿಂದ ಪ್ರಾಣ ಹೋದೀತು. ಇಂಥ ಆಳಿಗೆ ಊರವರು ಎರಡು ಕಾಸು ಹೆಚ್ಚು ಕೊಟ್ಟರೆ ನಷ್ಟವಿಲ್ಲ.

ಹೋರಿಯನ್ನು ಮೂರು ವರ್ಷ ತುಂಬುವವರೆಗೆ ಹಸುಗಳಿಗೆ ಬಿಡಬೇಡಿ. ಆಮೇಲೂ ವಾರಕ್ಕೆ ಎರಡು ಮೂರು ಸಲ ಸಾಕು. ಬಿಡುವ ಮೊದಲು ಪಶುವೈದ್ಯರಿಂದ ರಕ್ತಪರೀಕ್ಷೆ ಮಾಡಿಸಿ. ಹಸು ಕಂದು ಹಾಕಿಸುವ ಬ್ರುಸೆಲ್ಲಾ ರೋಗ ಮನುಷ್ಯರಿಗೂ ಅಂಟುತ್ತದೆ.

ಮೇವಿನ ವಿಷಯ ನನ್ನ ಪಾಲಿನದು. ಬೇಸಿಗೆಯಲ್ಲಿ ಬರೀ ರಾಗಿಹುಲ್ಲು ಇಲ್ಲವೇ ಭತ್ತದ ಹುಲ್ಲಿನ ಮೇಲೆ ನಿಂತ ಹೋರಿಗೆ ‘ಎ’ ಜೀವಸತ್ವ ಸಾಲದೆ ಬೀಜದ ಶಕ್ತಿ ಕುಂದುತ್ತದೆ. ಬಾವಿಯ ಬದಿಯಲ್ಲಿ ನಾಲ್ಕು ಅಗಸೆ ಗಿಡ, ನೀರಿದ್ದಲ್ಲಿ ಮೆಕ್ಕೆಜೋಳದೊಡನೆ ಅಲಸಂದೆ ಬೆಳೆಸಿ ದಿನಕ್ಕೊಂದಿಷ್ಟು ಹಸಿರು ಹಾಕಿ.

ಸುಮಾರು ಮೂರು ವರ್ಷಕ್ಕೊಮ್ಮೆ, ಹೋರಿಯ ಹೆಣ್ಣುಕರುಗಳು ಬೆದೆಗೆ ಬರುವ ಮೊದಲೇ, ದೂರದ ಊರಿನೊಡನೆ ಹೋರಿಯನ್ನು ಅದಲುಬದಲು ಮಾಡಿಕೊಳ್ಳತಕ್ಕದ್ದು. ಹೋರಿ ಹೋಗುವಾಗ ಹಳೆಯ ಆಳೂ ಹೋಗಿ ಎಂಟು ದಿನ ಹೊಸಬನ ಜೊತೆಗಿರಲಿ.