ಗೆಲ್ಲದ ಮತದ ಬೆಲೆ

(ವಿಚಾರಗೋಷ್ಠಿಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಚುನಾವಣೆ ಸಮೀಪಿಸಿದಾಗಲೆಲ್ಲ ನಮ್ಮ ಕಿವಿಗೆ ಬೀಳುವ ಮಾತೊಂದಿದೆ: “ಗೆಲ್ಲದವರಿಗೆ ಓಟು ಹಾಕಿ ಹಾಳುಮಾಡಬೇಡಿ.” ಈ ಮಾತಿನಲ್ಲಿ ಸತ್ಯವೆಷ್ಟು, ಭಯವೆಷ್ಟು? ಇದನ್ನು ಪರಿಶೀಲಿಸಲು ನಾವಿಂದು ದೂರದ ಉದಾಹರಣೆಯೊಂದನ್ನು ಆಯ್ದುಕೊಂಡಿದ್ದೇವೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಗ್ರೀನ್ ಪಾರ್ಟಿ ಎಂಬ ಸಣ್ಣ ಎಡಪಂಥೀಯ ಪಕ್ಷವು ಗವರ್ನರ್ ಚುನಾವಣೆಗಳಲ್ಲಿ ಗಳಿಸಿದ ಮತಗಳು ಮತ್ತು ಅವುಗಳಿಂದಾದ ಪರಿಣಾಮವೇ ಆ ಉದಾಹರಣೆ.

ಮೊದಲಿಗೆ ಒಂದು ಸ್ಪಷ್ಟೀಕರಣ ಅಗತ್ಯ. ನಮ್ಮ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಆಡಳಿತದ ಚುಕ್ಕಾಣಿ ಮುಖ್ಯಮಂತ್ರಿಯ ಕೈಯಲ್ಲಿರುತ್ತದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಗವರ್ನರನೇ ರಾಜ್ಯದ ಕಾರ್ಯಾಂಗದ ಮುಖ್ಯಸ್ಥ. ಅವನನ್ನು ಜನರೇ ನೇರವಾಗಿ ಆರಿಸುತ್ತಾರೆ. ಆದರೆ ಒಂದು ಅಂಶ ನಮಗೂ ಅವರಿಗೂ ಸಮಾನವಾಗಿದೆ. ನ್ಯೂಯಾರ್ಕಿನಲ್ಲೂ ಅತಿ ಹೆಚ್ಚು ಮತ ಪಡೆದವನೇ ವಿಜಯಿ. ಉಳಿದವರ ಮತಗಳಿಗೆ ಅಧಿಕಾರದಲ್ಲಿ ಪಾಲಿಲ್ಲ. ಸಣ್ಣ ಪಕ್ಷಗಳ ಸಂಕಟ ಹುಟ್ಟುವುದು ಇಲ್ಲಿಂದಲೇ.

ನ್ಯೂಯಾರ್ಕಿನ ಕಾನೂನಿನಲ್ಲಿ ಬಹುಕಾಲದಿಂದ ಒಂದು ವಿಶೇಷ ನಿಯಮವಿತ್ತು. ಗವರ್ನರ್ ಚುನಾವಣೆಯಲ್ಲಿ 50,000 ಮತ ಪಡೆದ ಪಕ್ಷಕ್ಕೆ ಮುಂದಿನ ನಾಲ್ಕು ವರ್ಷ ಮತಪತ್ರದಲ್ಲಿ ಖಾಯಂ ಸ್ಥಾನ ದೊರೆಯುತ್ತಿತ್ತು. ಇಲ್ಲವಾದರೆ ಪ್ರತಿ ಬಾರಿಯೂ ಸಾವಿರಾರು ಸಹಿ ಸಂಗ್ರಹಿಸಿ ಅರ್ಜಿ ಹಾಕಬೇಕಿತ್ತು. ಗ್ರೀನ್ ಪಾರ್ಟಿ 1998ರಲ್ಲಿ ಈ ಗೆರೆಯನ್ನು ದಾಟಿತು. 2002ರಲ್ಲಿ ಕೆಳಗಿಳಿದು ಸ್ಥಾನ ಕಳೆದುಕೊಂಡಿತು. 2010ರಲ್ಲಿ ಹೋವಿ ಹಾಕಿನ್ಸ್ ಎಂಬವರು ಅದರ ಅಭ್ಯರ್ಥಿಯಾದರು. ಸಿರಕ್ಯೂಸ್ ನಗರದಲ್ಲಿ ಪಾರ್ಸೆಲ್ ಕಂಪೆನಿಯ ಲಾರಿಗಳಿಂದ ಸರಕು ಇಳಿಸುವ ಕೆಲಸ ಆಗ ಅವರದಾಗಿತ್ತು. ಕಾರ್ಮಿಕ ಸಂಘದ ಸದಸ್ಯರೂ ಆಗಿದ್ದರು. ಆ ವರ್ಷ ಅವರು ಸುಮಾರು 60 ಸಾವಿರ ಮತ ಗಳಿಸಿ ಪಕ್ಷದ ಸ್ಥಾನವನ್ನು ಮರಳಿ ತಂದರು. 2014ರಲ್ಲಿ ಅದೇ ಹಾಕಿನ್ಸ್ ಪಡೆದ ಮತಗಳು ಸುಮಾರು 1,84,000. ಅಂದರೆ ಶೇಕಡಾ 5ರ ಸನಿಹ. ಒಟ್ಟು ಮತದಾನ ಕುಸಿದಿದ್ದ ಆ ವರ್ಷದಲ್ಲೇ ಅವರ ಮತಗಳು ಮೂರು ಪಟ್ಟಾದವು.

ಈ ಏರಿಕೆಗೆ ಕಾರಣವೇನು? ಡೆಮಾಕ್ರಟಿಕ್ ಪಕ್ಷದ ಗವರ್ನರ್ ಆಂಡ್ರ್ಯೂ ಕುಮೋ ತನ್ನವರನ್ನೇ ನಿರಾಶೆಗೊಳಿಸಿದ್ದರು. ಭ್ರಷ್ಟಾಚಾರದ ತನಿಖೆಗೆಂದು 2013ರಲ್ಲಿ ತಾವೇ ನೇಮಿಸಿದ ಆಯೋಗವನ್ನು 2014ರ ಮಾರ್ಚ್‌ನಲ್ಲಿ ತಾವೇ ವಿಸರ್ಜಿಸಿದರು. ಅವರ ಶಿಕ್ಷಣ ನೀತಿಯ ಬಗ್ಗೆ ಸಾರ್ವಜನಿಕ ಶಾಲೆಗಳ ಶಿಕ್ಷಕರಲ್ಲಿ ಅಸಮಾಧಾನ ಹೊಗೆಯಾಡುತ್ತಿತ್ತು. ಹಾಕಿನ್ಸ್ ತಮ್ಮ ಜೊತೆ ಉಪ ಗವರ್ನರ್ ಸ್ಥಾನಕ್ಕೆ ಶಿಕ್ಷಕರೊಬ್ಬರನ್ನೇ ನಿಲ್ಲಿಸಿದರು. ಡೆಮಾಕ್ರಟಿಕ್ ಪಕ್ಷದ ಆಂತರಿಕ ಚುನಾವಣೆಯಲ್ಲಿ ಝೆಫಿರ್ ಟೀಚೌಟ್ ಎಂಬ ಕಾನೂನು ಪ್ರಾಧ್ಯಾಪಕಿ ಕುಮೋ ವಿರುದ್ಧ ಮೂರನೇ ಒಂದು ಭಾಗದಷ್ಟು ಮತ ಪಡೆದರು. ಆದರೆ ಎಡಪಂಥೀಯ ಒಲವಿನ ಇನ್ನೊಂದು ಸಣ್ಣ ಪಕ್ಷವಾದ ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿ ಕುಮೋಗೇ ಬೆಂಬಲ ಘೋಷಿಸಿತ್ತು. ನೊಂದವರಿಗೆ ಉಳಿದ ದಾರಿ ಗ್ರೀನ್ ಪಾರ್ಟಿಯೊಂದೇ ಆಯಿತು.

ಕುಮೋ ಗೆದ್ದರು. ಹಾಗಾದರೆ ಆ 1,84,000 ಮತಗಳು ಹಾಳಾದವೇ? ಮುಂದೆ ನಡೆದುದನ್ನು ಗಮನಿಸಿರಿ. ನೆಲದಾಳದ ಬಂಡೆಯನ್ನು ನೀರು ಮತ್ತು ರಾಸಾಯನಿಕಗಳ ಒತ್ತಡದಿಂದ ಸೀಳಿ ಅನಿಲ ತೆಗೆಯುವ ಫ್ರ್ಯಾಕಿಂಗ್ ಪದ್ಧತಿಯನ್ನು ನಿಷೇಧಿಸಬೇಕೆಂಬುದು ಹಾಕಿನ್ಸ್ ಬೇಡಿಕೆಯಾಗಿತ್ತು. ವರ್ಷಗಳಿಂದ ತೀರ್ಮಾನವನ್ನು ಮುಂದೂಡುತ್ತ ಬಂದಿದ್ದ ಕುಮೋ ಸರಕಾರ, ನವೆಂಬರ್ ಚುನಾವಣೆಯ ಬಳಿಕ ಡಿಸೆಂಬರ್‌ನಲ್ಲೇ ನಿಷೇಧ ಘೋಷಿಸಿತು. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿ ಅವರ ಇನ್ನೊಂದು ಬೇಡಿಕೆ. ಅಂದು ರಾಜ್ಯದ ಕನಿಷ್ಠ ಕೂಲಿ 8 ಡಾಲರ್. 2016ರಲ್ಲಿ, ಹಂತಹಂತವಾಗಿ 15 ಡಾಲರ್‌ನತ್ತ ಸಾಗುವ ಕಾನೂನಿಗೆ ಸಹಿ ಹಾಕಿದವರು ಅದೇ ಕುಮೋ. ಇದೆಲ್ಲವೂ ಒಂದು ಸಣ್ಣ ಪಕ್ಷದ ಸಾಧನೆ ಎಂದರೆ ಉತ್ಪ್ರೇಕ್ಷೆಯಾದೀತು. ಹಳ್ಳಿಗಳ ರೈತರು, ಹೋಟೆಲ್ ಕಾರ್ಮಿಕರು, ಪರಿಸರವಾದಿಗಳು ಬೀದಿಯಲ್ಲಿ ನಿಂತು ಹೋರಾಡಿದ್ದರು. ಆದರೆ ಬೀದಿಯ ಕೂಗನ್ನು ಎಣಿಸಲು ಬರುವುದಿಲ್ಲ, ಮತವನ್ನು ಎಣಿಸಬಹುದು. ತನ್ನ ಅಂಗಳದಿಂದ ಎಷ್ಟು ಜನ ಹೊರನಡೆದರು ಎಂಬ ಲೆಕ್ಕ ಅಧಿಕಾರಸ್ಥನ ಮುಂದಿತ್ತು.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಅದನ್ನು ನಾವು ಮುಚ್ಚಿಡಬಾರದು. 2000ದ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲೋರಿಡಾದಲ್ಲಿ ಗ್ರೀನ್ ಪಾರ್ಟಿಯ ರಾಲ್ಫ್ ನೇಡರ್ 97 ಸಾವಿರಕ್ಕೂ ಹೆಚ್ಚು ಮತ ಪಡೆದರು. ಅಲ್ಲಿ ಜಾರ್ಜ್ ಬುಷ್ ಗೆದ್ದ ಅಂತರ ಕೇವಲ 537. ಬಳಿಕ ಇರಾಕ್ ಏನಾಯಿತೆಂಬುದು ಲೋಕಕ್ಕೆ ತಿಳಿದಿದೆ. ಸ್ಪರ್ಧೆ ಕೂದಲೆಳೆಯಷ್ಟು ಬಿಗಿಯಾಗಿರುವಲ್ಲಿ ತತ್ವದ ಮತವೂ ಅನರ್ಥಕ್ಕೆ ದಾರಿಯಾದೀತು. ಆದರೆ 2014ರ ನ್ಯೂಯಾರ್ಕಿನಲ್ಲಿ ಕುಮೋ ಗೆದ್ದ ಅಂತರ ಶೇಕಡಾ 13ಕ್ಕೂ ಹೆಚ್ಚು. ಅಲ್ಲಿ ಎಚ್ಚರಿಕೆಯ ಮತ ನೀಡಿದವರು ಯಾವ ದೊಡ್ಡ ಕೆಡುಕಿಗೂ ಬಾಗಿಲು ತೆರೆಯಲಿಲ್ಲ. ಆದ್ದರಿಂದ ‘ಸಣ್ಣ ಕೆಡುಕನ್ನು ಆರಿಸು’ ಎಂಬ ಉಪದೇಶವು ಎಲ್ಲ ಕಾಲಕ್ಕೂ ಎಲ್ಲ ಕ್ಷೇತ್ರಕ್ಕೂ ಅನ್ವಯಿಸುವ ಸೂತ್ರವಲ್ಲ. ಲೆಕ್ಕ ತಿಳಿಯದೆ ಅದನ್ನು ಪಾಲಿಸುವವನು ಒಂದು ಪಕ್ಷದ ಜೀತದಾಳಾಗುತ್ತಾನೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾವು ಸಂತೋಷದಿಂದ ಎದ್ದು ಹೋಗಬಹುದಿತ್ತು. 2018ರಲ್ಲಿ ಹಾಕಿನ್ಸ್ ಮತಗಳು ಸುಮಾರು 1,04,000ಕ್ಕೆ ಇಳಿದವು. ಟ್ರಂಪ್ ಅಧ್ಯಕ್ಷರಾಗಿದ್ದ ಕಾಲವದು; ಮುನಿಸಿಕೊಂಡಿದ್ದ ಅನೇಕರನ್ನು ಭಯವು ಹಳೆಯ ಮನೆಗೇ ಮರಳಿಸಿತು. ಆದರೂ 50 ಸಾವಿರದ ಗೆರೆ ಸುರಕ್ಷಿತವಾಗಿತ್ತು. ಆಗ ಬದಲಾದದ್ದು ಗೆರೆಯೇ! 2020ರ ಏಪ್ರಿಲ್‌ನಲ್ಲಿ, ಕೊರೋನಾ ಹಾವಳಿಯ ನಡುವೆ, ಬಜೆಟ್ ಮಸೂದೆಯೊಂದಿಗೆ ಹೊಸ ನಿಯಮ ಅಂಗೀಕಾರವಾಯಿತು. ಇನ್ನು ಮುಂದೆ ಎರಡು ವರ್ಷಗಳಿಗೊಮ್ಮೆ, ಅಧ್ಯಕ್ಷೀಯ ಚುನಾವಣೆಯಲ್ಲೂ ಗವರ್ನರ್ ಚುನಾವಣೆಯಲ್ಲೂ, 1,30,000 ಮತ ಅಥವಾ ಶೇಕಡಾ 2 ಮತ, ಇವುಗಳಲ್ಲಿ ಹೆಚ್ಚಿನದನ್ನು ಪಡೆಯಬೇಕು. ತಪ್ಪಿದರೆ ರಾಜ್ಯಮಟ್ಟದ ಸ್ಥಾನಕ್ಕೆ 15 ಸಾವಿರದ ಬದಲು 45 ಸಾವಿರ ಸಹಿ ಬೇಕು. ಅದೇ ವರ್ಷ ಹಾಕಿನ್ಸ್ ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದರೂ ಪಕ್ಷ ಹೊಸ ಗೆರೆಯನ್ನು ಮುಟ್ಟಲಿಲ್ಲ. ಲಿಬರ್ಟೇರಿಯನ್ ಪಕ್ಷವೂ ಸ್ಥಾನ ಕಳೆದುಕೊಂಡಿತು. ದೊಡ್ಡ ಪಕ್ಷದ ಅಭ್ಯರ್ಥಿಯನ್ನೇ ತನ್ನ ಅಭ್ಯರ್ಥಿಯೆಂದು ಘೋಷಿಸಿದ್ದ ವರ್ಕಿಂಗ್ ಫ್ಯಾಮಿಲೀಸ್ ಪಾರ್ಟಿ ಉಳಿದುಕೊಂಡಿತು. 2022ರ ಗವರ್ನರ್ ಚುನಾವಣೆಯ ಮತಪತ್ರದಲ್ಲಿ ಮುದ್ರಿತವಾದದ್ದು ಎರಡೇ ಅಭ್ಯರ್ಥಿಗಳ ಹೆಸರು.

ನ್ಯೂಯಾರ್ಕ್ ಇದಕ್ಕೆ ಅಪವಾದವೇನಲ್ಲ. ಇಲಿನಾಯ್ ರಾಜ್ಯದಲ್ಲಿ 2006ರಲ್ಲಿ ಗ್ರೀನ್ ಅಭ್ಯರ್ಥಿ ರಿಚ್ ವಿಟ್ನಿ ಶೇಕಡಾ 10ರಷ್ಟು ಮತ ಪಡೆದರು. ನಾಲ್ಕೇ ವರ್ಷಗಳಲ್ಲಿ ಅದು ಶೇಕಡಾ 3ಕ್ಕಿಂತ ಕೆಳಗಿಳಿಯಿತು. ದೊಡ್ಡ ಪಕ್ಷಗಳ ಮೇಲಿನ ಸಿಟ್ಟಿನಿಂದ ಬಂದ ಮತ, ಸಿಟ್ಟು ಆರಿದೊಡನೆ ಹೊರಟುಹೋಗುತ್ತದೆ. ಅದನ್ನು ಹಿಡಿದಿಡುವುದು ಎರಡು ಚುನಾವಣೆಗಳ ನಡುವಿನ ದುಡಿಮೆ: ವಾರ್ಡಿನ ನೀರಿನ ಪ್ರಶ್ನೆ, ಶಾಲೆಯ ಪ್ರಶ್ನೆ, ಕೂಲಿಯ ಪ್ರಶ್ನೆ.

ಸಹೋದರರೇ, ಇದರಿಂದ ನಾವು ಕಲಿಯಬೇಕಾದುದು ಇಷ್ಟು. ಗೆಲ್ಲದ ಮತಕ್ಕೂ ಬೆಲೆಯಿದೆ. ಬೆಲೆಯಿಲ್ಲದಿದ್ದರೆ ಅದು ಬೀಳುವ ಬಾಗಿಲನ್ನು ಮುಚ್ಚಲು ಯಾರೂ ಶ್ರಮಪಡುತ್ತಿರಲಿಲ್ಲ. ಆದರೆ ಮತ ಕೊಟ್ಟು ಮನೆಗೆ ಹೋಗಿ ಮಲಗುವವರಿಗೆ ಆ ಬೆಲೆ ದಕ್ಕುವುದಿಲ್ಲ. ಮತ ಎಣಿಕೆಯ ದಿನ ನಾವು ತೋರುವ ಉತ್ಸಾಹವನ್ನು, ಚುನಾವಣೆಯ ನಿಯಮಗಳು ಬದಲಾಗುವ ದಿನವೂ ತೋರಬೇಕು. ಸದ್ದಿಲ್ಲದೆ ಬರುವ ದಿನವದು. ಅಂದು ಎಚ್ಚರವಾಗಿರುವ ಸಮಾಜವೇ ತನ್ನ ಮತಕ್ಕೆ ಬೆಲೆ ಕಟ್ಟಿಸಿಕೊಂಡೀತು.