ಅಪರಾಧಿಯ ಬಾಲ್ಯವೂ ನ್ಯಾಯಸ್ಥಾನದ ಪ್ರಶ್ನೆಯೂ

ಒಬ್ಬ ಮನುಷ್ಯನು ಒಂದಾದ ಮೇಲೊಂದರಂತೆ ಹಲವು ಕೊಲೆಗಳನ್ನು ಮಾಡಿದನೆಂದು ಕೇಳಿದೊಡನೆ ನಮ್ಮ ಬಾಯಿಂದ ಹೊರಡುವ ಮೊದಲ ಮಾತು, “ಅವನಿಗೆ ಹುಚ್ಚು ಹಿಡಿದಿರಬೇಕು” ಎಂಬುದು. ಅವನ ಬಾಲ್ಯದ ವೃತ್ತಾಂತ ಹೊರಬಿದ್ದ ಮೇಲೆ ಎರಡನೆಯ ಮಾತು ಬರುತ್ತದೆ: “ಹಾಗೆ ಬೆಳೆದವನು ಮತ್ತೇನಾದಾನು?” ಎರಡೂ ಮನುಷ್ಯಸಹಜವಾದ ಮಾತುಗಳೇ. ಆದರೆ ನ್ಯಾಯಸ್ಥಾನವು ಇವೆರಡನ್ನೂ ಸುಲಭವಾಗಿ ಅಂಗೀಕರಿಸುವುದಿಲ್ಲ. ಅದು ಸರಿಯೆ ಎಂಬುದನ್ನು ಈ ಹೊತ್ತು ನಾವು ಸ್ವಲ್ಪ ಪರ್ಯಾಲೋಚಿಸೋಣ.

ಈ ವಿಷಯದಲ್ಲಿ ಇಂಗ್ಲೆಂಡಿನ ನ್ಯಾಯಕ್ಕೆ ಅಡಿಗಲ್ಲಾದುದು 1843ರ ಒಂದು ಮೊಕದ್ದಮೆ. ಡೇನಿಯಲ್ ಮೆಕ್ನಾಟನ್ ಎಂಬುವನು, ಆಳುವ ಪಕ್ಷದವರು ತನ್ನನ್ನು ಬೆನ್ನಟ್ಟಿ ಪೀಡಿಸುತ್ತಿರುವರೆಂಬ ಭ್ರಮೆಗೊಳಗಾಗಿ, ಪ್ರಧಾನಮಂತ್ರಿ ರಾಬರ್ಟ್ ಪೀಲರ ಕಾರ್ಯದರ್ಶಿಯಾಗಿದ್ದ ಎಡ್ವರ್ಡ್ ಡ್ರಮಂಡರನ್ನು ಗುಂಡಿಕ್ಕಿ ಕೊಂದನು. ಚಿತ್ತವಿಕಲನೆಂಬ ಕಾರಣದಿಂದ ಜ್ಯೂರಿಯವರು ಅವನನ್ನು ನಿರ್ದೋಷಿಯೆಂದರು. ಜನರು ಕೆರಳಿದರು. ಆಗ ಪ್ರಭುಗಳ ಸಭೆಯು ನ್ಯಾಯಾಧೀಶರನ್ನು ಕೇಳಿ ಒಂದು ಸೂತ್ರವನ್ನು ಪಡೆಯಿತು. ಕೃತ್ಯದ ಸಮಯದಲ್ಲಿ ಮನೋರೋಗದ ದೆಸೆಯಿಂದ ತಾನು ಮಾಡುತ್ತಿರುವುದೇನೆಂದೇ ಆಪಾದಿತನಿಗೆ ತಿಳಿಯದಿದ್ದರೆ, ಅಥವಾ ಅದು ತಪ್ಪೆಂಬುದು ತಿಳಿಯದಿದ್ದರೆ, ಅವನು ಶಿಕ್ಷಾರ್ಹನಲ್ಲ. ಇದೇ ಆ ಸೂತ್ರದ ಸಾರ. 1860ರ ಭಾರತೀಯ ದಂಡಸಂಹಿತೆಯ 84ನೆಯ ಕಲಮು ಇದನ್ನೇ ಅನುಸರಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯ 22ನೆಯ ಕಲಮಿನಲ್ಲಿಯೂ ಈ ತತ್ತ್ವ ಉಳಿದಿದೆ.

ಈ ಸೂತ್ರವು ಎಷ್ಟು ಇಕ್ಕಟ್ಟಾದುದೆಂಬುದನ್ನು ನಾವು ಗಮನಿಸಬೇಕು. ಅದು ಕೇಳುವುದು ಕೃತ್ಯ ನಡೆದ ಗಳಿಗೆಯಲ್ಲಿ ಆಪಾದಿತನಿಗಿದ್ದ ತಿಳಿವಳಿಕೆಯನ್ನು ಮಾತ್ರ. ಅವನು ಹೀಗೇಕಾದನು ಎಂದು ಅದು ಕೇಳುವುದೇ ಇಲ್ಲ.

ಈ ಎರಡು ಪ್ರಶ್ನೆಗಳ ಅಂತರವನ್ನು ಅಮೆರಿಕದ ಎಡ್ಮಂಡ್ ಕೆಂಪರ್ ಎಂಬುವನ ಜೀವನವು ಸ್ಪಷ್ಟಪಡಿಸುತ್ತದೆ. ಅವನು ಹುಟ್ಟಿದುದು 1948ರಲ್ಲಿ, ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ. ತಂದೆತಾಯಿಗಳು ಬೇರೆಯಾದರು. ತಾಯಿ ತನ್ನನ್ನು ಹೀಯಾಳಿಸುತ್ತಿದ್ದಳೆಂದೂ, ರಾತ್ರಿ ನೆಲಮಾಳಿಗೆಯಲ್ಲಿ ಕೂಡಿ ಹಾಕುತ್ತಿದ್ದಳೆಂದೂ ಅವನು ಮುಂದೆ ಹೇಳಿಕೊಂಡನು. ಹತ್ತು ವರ್ಷದವನಾಗಿದ್ದಾಗಲೇ ಸಾಕಿದ ಬೆಕ್ಕನ್ನು ಕೊಂದನು. ತಂದೆಯನ್ನು ಹುಡುಕಿಕೊಂಡು ಹೋದರೆ, ತಂದೆ ಅವನನ್ನು ಅಜ್ಜ ಅಜ್ಜಿಯರ ಮನೆಗೆ ಸಾಗಿಸಿದನು. 1964ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಆ ಇಬ್ಬರನ್ನೂ ಗುಂಡಿಕ್ಕಿ ಕೊಂದನು.

ಆಗ ವೈದ್ಯರು ಅವನಿಗೆ ಚಿತ್ತಭ್ರಂಶವೆಂದರು. ಸರಕಾರವು ಅವನನ್ನು ಅಟಾಸ್ಕಡೆರೋ ಎಂಬಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ಇರಿಸಿತು. ಅವನನ್ನು ತಾಯಿಯ ಬಳಿಗೆ ಕಳುಹಿಸಕೂಡದೆಂದು ಅಲ್ಲಿನ ವೈದ್ಯರು ಎಚ್ಚರಿಸಿದ್ದರೂ, 1969ರಲ್ಲಿ ಬಿಡುಗಡೆಯಾದಾಗ ಅವನು ಸೇರಿದುದು ತಾಯಿಯ ಮನೆಯನ್ನೇ. 1972ರ ಮೇ ತಿಂಗಳಿಂದ 1973ರ ಏಪ್ರಿಲ್‌ವರೆಗೆ ಎಂಟು ಮಂದಿಯನ್ನು ಕೊಂದನು: ಆರು ಮಂದಿ ತರುಣಿಯರು, ಕಡೆಗೆ ತಾಯಿ, ಆಕೆಯ ಗೆಳತಿ. ಈ ಕೊಲೆಗಳ ನಡುವೆಯೇ ಅವನನ್ನು ಪರೀಕ್ಷಿಸಿದ ವೈದ್ಯರು ಅವನಿಂದ ಅಪಾಯವಿಲ್ಲವೆಂದರು. ಬಾಲ್ಯಾಪರಾಧದ ದಾಖಲೆಯನ್ನು ಮುಚ್ಚಿಡಲಾಯಿತು. ಕೊನೆಗೆ ಅವನೇ ಪೋಲೀಸರಿಗೆ ಟೆಲಿಫೋನ್ ಮಾಡಿ ಒಪ್ಪಿಕೊಂಡನು.

1973ರ ವಿಚಾರಣೆಯಲ್ಲಿ ವಕೀಲರು ಚಿತ್ತವಿಕಲತೆಯ ವಾದವನ್ನು ಹೂಡಿದರು. ನ್ಯಾಯಸ್ಥಾನವು ನೇಮಿಸಿದ ವೈದ್ಯರು ಅವನು ಕಾನೂನಿನ ದೃಷ್ಟಿಯಲ್ಲಿ ಸ್ವಸ್ಥನೆಂದರು. ಶವಗಳನ್ನು ಮರೆಮಾಡಿ ಸುಳಿವು ಅಳಿಸಿದವನಿಗೆ ತಾನು ಮಾಡಿದುದು ತಪ್ಪೆಂದು ತಿಳಿದಿರಲಿಲ್ಲವೆನ್ನುವುದು ಕಷ್ಟವಷ್ಟೆ. ನವೆಂಬರ್ 8ರಂದು ಜ್ಯೂರಿಯವರು ಅವನನ್ನು ದೋಷಿಯೆಂದರು. ಆಜೀವ ಸೆರೆವಾಸ ವಿಧಿಸಲಾಯಿತು.

ಈ ತೀರ್ಪು ಕಠಿನವೆಂದು ನಮಗನ್ನಿಸುವುದಿಲ್ಲ. ನೊಂದ ಬಾಲ್ಯವೇ ಹುಚ್ಚೆಂದು ಎಣಿಸಿದರೆ, ಅಂತಹುದೇ ಬಾಲ್ಯವನ್ನು ಕಂಡೂ ಯಾರಿಗೂ ಕೇಡೆಣಿಸದೆ ಬಾಳುತ್ತಿರುವ ಅಸಂಖ್ಯಾತ ಜನರಿಗೆ ಅಪಚಾರವಾದೀತು. ನಿಜವಾಗಿ ಮತಿಗೆಟ್ಟು ಕೈಮೀರಿದ ಬಡಪಾಯಿಗೆ ಇರುವ ಒಂದೇ ಆಸರೆಯೂ ಸಡಿಲವಾದೀತು.

ಹಾಗಾದರೆ ಬಾಲ್ಯದ ಕಥೆಗೆ ನ್ಯಾಯಸ್ಥಾನದಲ್ಲಿ ಎಡೆಯೇ ಇಲ್ಲವೆ? ಉಂಟು. ಅಪರಾಧಿಯೋ ಅಲ್ಲವೋ ಎಂಬುದನ್ನು ನಿರ್ಣಯಿಸುವಲ್ಲಿ ಅಲ್ಲ, ಶಿಕ್ಷೆಯೆಷ್ಟೆಂಬುದನ್ನು ತೂಗುವಲ್ಲಿ. ಮರಣದಂಡನೆಯ ಪ್ರಶ್ನೆಯೇಳುವ ಮೊಕದ್ದಮೆಗಳಲ್ಲಿ ಅಪರಾಧಿಯ ಮನಃಸ್ಥಿತಿ, ಕುಟುಂಬ, ಬಾಲ್ಯದ ಸ್ಥಿತಿಗತಿಗಳ ವಿವರವು ವಿಚಾರಣೆಯ ಹಂತದಲ್ಲಿಯೇ ನ್ಯಾಯಾಧೀಶರ ಮುಂದೆ ಬರಬೇಕೆಂದು ನಮ್ಮ ಸರ್ವೋಚ್ಚ ನ್ಯಾಯಾಲಯವು 2022ರಲ್ಲಿ ಮನೋಜ್ ಎಂಬುವರ ಮೊಕದ್ದಮೆಯಲ್ಲಿ ವಿಧಿಸಿತು. ಇದು ವಿವೇಕದ ಮಾರ್ಗ.

ಆದರೂ ನ್ಯಾಯಸ್ಥಾನಕ್ಕೆ ಬರುವ ವೇಳೆಗೆ ಆ ಕಥೆ ಬಹಳ ತಡವಾಗಿರುತ್ತದೆ. ಕೆಂಪರನ ವಿಷಯದಲ್ಲಿ 1973ರ ಜ್ಯೂರಿಯವರು ತಮ್ಮ ಪ್ರಶ್ನೆಗೆ ಸರಿಯಾಗಿಯೇ ಉತ್ತರವಿತ್ತರು. ಉತ್ತರವಿಲ್ಲದೆ ಉಳಿದುದು 1969ರ ಪ್ರಶ್ನೆ: ಈ ಯುವಕನನ್ನು ಯಾರ ಕೈಗೆ ಒಪ್ಪಿಸಬೇಕು, ಅವನ ಮೇಲೆ ಯಾರ ಕಣ್ಣಿರಬೇಕು? ಅದಕ್ಕೂ ಮುಂಚಿನದು, ಬೆಕ್ಕನ್ನು ಕೊಂದ ಹತ್ತು ವರ್ಷದ ಹುಡುಗನ ಪ್ರಶ್ನೆ. ಅದನ್ನು ಕೇಳಬೇಕಾದವರು ನ್ಯಾಯಾಧೀಶರಲ್ಲ. ಮನೆಯವರು, ಉಪಾಧ್ಯಾಯರು, ವೈದ್ಯರು, ನೆರೆಹೊರೆಯವರು, ಅಂದರೆ ನಾವೇ. ನಾವು ಕೇಳದೆ ಬಿಟ್ಟ ಪ್ರಶ್ನೆಯನ್ನು ನ್ಯಾಯಸ್ಥಾನವು ಕೇಳಲಿಲ್ಲವೆಂದು ಅದನ್ನು ದೂರುವುದು ನ್ಯಾಯವಲ್ಲ.