ಕರಂಟ್ ದ್ರಾಕ್ಷಿಯ ಏಳುಬೀಳು

ಐಸ್‌ಕ್ರೀಮ್ ಅಂಗಡಿಯಲ್ಲಿ ಕೇಳಿಬರುವ ಬ್ಲ್ಯಾಕ್ ಕರಂಟ್ ಚಳಿನಾಡಿನ ಪೊದೆಯಲ್ಲಿ ಬಿಡುವ ಹುಳಿಹಣ್ಣು. ನಾನೀಗ ಹೇಳಹೊರಟಿರುವುದು ಅದರ ಕಥೆಯನ್ನಲ್ಲ; ಕ್ರಿಸ್‌ಮಸ್ ಕೇಕಿಗೆ ಬೀಳುವ, ಬೀಜವಿಲ್ಲದ ಪುಟ್ಟ ಕಪ್ಪು ಒಣದ್ರಾಕ್ಷಿಯ ಕಥೆಯನ್ನು. ಗ್ರೀಸಿನ ಕೊರಿಂಥ್ ಪಟ್ಟಣದಿಂದ ಹೆಸರು ಪಡೆದ ಕರಂಟ್ ಇದು.

ಇಂಗ್ಲಿಷರಿಗೆ ಇದರ ರುಚಿ ಹತ್ತಿದ್ದು ಬಹಳ ಹಿಂದೆಯೇ. ಆಗ ವೆನಿಸಿನ ಆಳ್ವಿಕೆಯಲ್ಲಿದ್ದ ಜಾಂಟೆ, ಸೆಫಲೋನಿಯಾ ದ್ವೀಪಗಳಿಂದ ಹಡಗುಗಟ್ಟಲೆ ತರಿಸುತ್ತಿದ್ದರು. ದೊರೆ ಒಂದನೇ ಜೇಮ್ಸ್ ಇದರ ಮೇಲೆ ಹೆಚ್ಚುವರಿ ಸುಂಕ ಹೇರಿದಾಗ, ಸಂಸತ್ತು ಒಪ್ಪದ ತೆರಿಗೆ ಕೊಡಲಾರೆ ಎಂದ ವರ್ತಕ ಜಾನ್ ಬೇಟ್. 1606ರಲ್ಲಿ ನ್ಯಾಯಾಲಯ ದೊರೆಯ ಪರವಾಗಿ ತೀರ್ಪಿತ್ತಿತು. ಸಂಸತ್ತಿನ ಸದಸ್ಯರು ಅದನ್ನು ಮರೆಯಲಿಲ್ಲ. ದೊರೆಗೂ ಸಂಸತ್ತಿಗೂ ನಡೆದ ದೀರ್ಘ ಜಟಾಪಟಿಯಲ್ಲಿ ಈ ತೀರ್ಪು ಮತ್ತೆ ಮತ್ತೆ ಎದ್ದು ಬಂತು.

ಕರಂಟ್ ಬೆಳೆಯುವುದು ಸುಲಭವಲ್ಲ. ಹೂ ಬಿಡುವ ಕಾಲಕ್ಕೆ ರೈತರು ಬಳ್ಳಿಯ ಕಾಂಡದ ಸುತ್ತ ಉಂಗುರದಂತೆ ತೊಗಟೆ ಸುಲಿಯುತ್ತಾರೆ. ಎಲೆ ತಯಾರಿಸಿದ ಸಕ್ಕರೆ ಬೇರಿಗಿಳಿಯದೆ ಮೇಲೆಯೇ ನಿಲ್ಲುತ್ತದೆ, ಕಾಯಿ ಚೆನ್ನಾಗಿ ಕಚ್ಚುತ್ತದೆ. ಆಗಸ್ಟ್‌ನಲ್ಲಿ ಕೊಯ್ದು ಬಿಸಿಲಿಗೆ ಹರವುತ್ತಾರೆ. ಆಗ ಮಳೆ ಹೊಡೆದರೆ ವರ್ಷದ ದುಡಿಮೆ ನೀರುಪಾಲು. ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಈ ಆತಂಕವನ್ನು ಬಿಡಿಸಿ ಹೇಳಬೇಕಿಲ್ಲ.

1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ನುಂಗತೊಡಗಿತು. ವೈನ್ ತಯಾರಕರು ಗ್ರೀಸಿನ ಕರಂಟ್ ಕೊಂಡು, ನೆನೆಸಿ, ವೈನ್ ಮಾಡಿದರು. ಬೆಲೆ ಏರಿತು. ಪೆಲೊಪೊನೀಸ್ ಪ್ರಾಂತ್ಯದ ರೈತರು ಆಲಿವ್ ಮರ ಕಡಿದು, ಸಾಲ ಮಾಡಿ ಕರಂಟ್ ಬಳ್ಳಿ ನೆಟ್ಟರು. ಅವರನ್ನು ದುರಾಸೆಯವರೆನ್ನಲು ನನಗೆ ಮನಸ್ಸಿಲ್ಲ. ಕಣ್ಣೆದುರು ಒಳ್ಳೆಯ ಬೆಲೆ ಇರುವಾಗ ಯಾವ ರೈತ ತಾನೇ ಹಾಗೆ ಮಾಡಲಿಕ್ಕಿಲ್ಲ?

ಫ್ರಾನ್ಸಿನ ತೋಟಗಳು ಚೇತರಿಸಿಕೊಂಡವು. 1892ರಲ್ಲಿ ಅಲ್ಲಿನ ಸರ್ಕಾರ ಆಮದು ಸುಂಕ ಏರಿಸಿತು. ಮರುವರ್ಷ ಕರಂಟ್ ಬೆಲೆ ನೆಲಕಚ್ಚಿತು. 1893ರ ಡಿಸೆಂಬರ್‌ನಲ್ಲಿ ಗ್ರೀಸಿನ ಪ್ರಧಾನಿ ತ್ರಿಕೂಪಿಸ್ ದೇಶ ದಿವಾಳಿಯಾಯಿತೆಂದು ಸಂಸತ್ತಿನಲ್ಲಿ ಸಾರಿದರು. ವಿದೇಶಿ ಸಾಲದ ಹೊರೆ ಮೊದಲೇ ಇತ್ತು, ನಿಜ. ಆದರೆ ಆ ಸಾಲ ತೀರಿಸಲು ಬೇಕಾದ ವಿದೇಶಿ ಹಣವನ್ನು ಮುಖ್ಯವಾಗಿ ತರುತ್ತಿದ್ದದ್ದು ಇದೇ ದ್ರಾಕ್ಷಿ. ಸಾಲಗಾರರ ಕಾಟಕ್ಕೆ ಸಿಕ್ಕ ರೈತರ ಮಕ್ಕಳು ಪಾತ್ರಾಸ್ ಬಂದರಿನಲ್ಲಿ ಅಮೆರಿಕದ ಹಡಗು ಹತ್ತಿದರು. ಹೋದವರಲ್ಲಿ ಎಷ್ಟೋ ಮಂದಿ ಅಲ್ಲೇ ನೆಲೆನಿಂತರು.

ಪೆಲೊಪೊನೀಸಿನ ಉತ್ತರ ಕರಾವಳಿಯ ಏಯಿಯೊ ಸುತ್ತಮುತ್ತ ಈಗಲೂ ಕರಂಟ್ ಬೆಳೆಯುತ್ತಾರೆ. ಬ್ರಿಟನ್ ಇಂದಿಗೂ ಅದರ ದೊಡ್ಡ ಗಿರಾಕಿ.